ಧೋತರದ ಅಂಚು

ಮನುಷ್ಯನು ಉಡುವ ಅರಿವೆಗಳಲ್ಲಿ ಎರಡು ಜಾತಿಗಳುಂಟು. ಸಿಂಪಿಗನು ಮೈಯ ಅಳತೆಯನ್ನು ತೆಗೆದುಕೊಂಡು, ಕತ್ತರಿಸಿ, ಹೊಲಿದು ಕೊಟ್ಟದ್ದು ಒಂದು. ಮಗ್ಗದಿಂದ ಇಳಿದ ಹಾಗೆಯೇ ತಂದು ಮೈಗೆ ಸುತ್ತಿಕೊಳ್ಳುವದು ಇನ್ನೊಂದು. ಮೊದಲನೆಯದರ ಉದ್ದವು ಕತ್ತರಿಯು ಆಡಿದ ಕ್ಷಣಕ್ಕೆ ನಿಶ್ಚಿತವಾಗುವದು. ಆ ಮೇಲೆ ಅದನ್ನು ಉಡುವವನ ಇಚ್ಛೆಗೆ ಎಡೆ ಇಲ್ಲ. ಎರಡನೆಯದಕ್ಕೆ ಉಡುವವನ ಕೈಯೇ ಕತ್ತರಿಯು. ಗಂಡಸರ ಧೋತರವು ಈ ಎರಡನೆಯ ಜಾತಿಗೆ ಸೇರಿದ್ದು. ಒಂದೇ ಧೋತರವು ಮುಂಜಾನೆ ಹೊಲದಲ್ಲಿ ಮೊಣಕಾಲಿನ ಮೇಲೆ, ಮಧ್ಯಾಹ್ನ ಪೇಟೆಯಲ್ಲಿ ಮೀನಖಂಡದ ಕೆಳಗೆ, ಸಂಜೆ ಗುಡಿಯಲ್ಲಿ ಪಾದದ ಮೇಲೆ ಇರಬಲ್ಲದು. ಅರಿವೆ ಅದೇ, ಮನುಷ್ಯನೂ ಅವನೇ. ಅಂಚು ಮಾತ್ರ ಏರಿ ಇಳಿಯುವದು.

ಈ ಏರಿಳಿತವನ್ನು ಪೂರ್ವಿಕರು ಗಮನಿಸದೆ ಇರಲಿಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ಕೆಳಗೆ ಉಡುವ ವಸ್ತ್ರಕ್ಕೆ ಅಂತರೀಯ, ಪರಿಧಾನ ಮೊದಲಾದ ಹೆಸರುಗಳನ್ನು ಕೊಟ್ಟು, ತೊಡೆಯ ಅರ್ಧಕ್ಕೆ ನಿಲ್ಲುವ ಸ್ತ್ರೀಯರ ಉಡುಪಿಗೆ ಅರ್ಧೋರುಕವೆಂದೂ, ಪಾದದ ತುದಿಯನ್ನು ಮುಟ್ಟುವದಕ್ಕೆ ಆಪ್ರಪದೀನವೆಂದೂ ಬೇರೆ ಬೇರೆ ಹೆಸರಿಟ್ಟಿದ್ದಾನೆ. ಈ ಎರಡನೆಯ ಶಬ್ದವನ್ನು ಸಾಧಿಸುವದಕ್ಕಾಗಿಯೇ ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನು ಮೀಸಲಿಟ್ಟಿದ್ದಾನೆ. ಒಂದು ಅಕ್ಷರವು ಉಳಿದರೂ ಸಂತೋಷಪಡುವ ವೈಯಾಕರಣರು ಅಂಚಿನ ಅಳತೆಗಾಗಿ ಒಂದು ಇಡೀ ಸೂತ್ರವನ್ನು ವೆಚ್ಚ ಮಾಡಿದ್ದು ಸಣ್ಣ ಮಾತಲ್ಲ. ಆದರೆ ಕೋಶಕಾರನು ಅಳತೆಗೆ ಹೆಸರಿಟ್ಟನು, ಸೂತ್ರಕಾರನು ಶಬ್ದವನ್ನು ಸಾಧಿಸಿದನು. ಯಾವ ಗಂಡಸಿನ ಅಂಚು ಎಲ್ಲಿ ನಿಲ್ಲತಕ್ಕದ್ದೆಂಬ ನಿರ್ಣಯವನ್ನು ಅವರಿಬ್ಬರೂ ಕೈಕೊಳ್ಳಲಿಲ್ಲ. ಆ ಕೆಲಸವನ್ನು ಲೋಕವು ತಾನಾಗಿಯೇ ವಹಿಸಿಕೊಂಡಿತು. ಅದರಿಂದ ಉಂಟಾದ ಸುಖದುಃಖಗಳೇ ಇಲ್ಲಿಯ ವಿಷಯವು.

ಗಜೇಂದ್ರಗಡವು ನೇಕಾರಿಕೆಗೆ ಹೆಸರಾದ ಊರು. ಅಲ್ಲಿಯ ಪಟ್ಟೇದ ಅಂಚಿನ ಸೀರೆಯನ್ನು ಬಲ್ಲವರು ಬಲ್ಲರು. ಆ ಊರಿನ ಒಂದು ಅರಿವೆಯ ಅಂಗಡಿಗೆ ಕಳೆದ ವರ್ಷದ ಮದುವೆಯ ಕಾಲದಲ್ಲಿ ಒಬ್ಬ ವೃದ್ಧನು ತನ್ನ ಮೊಮ್ಮಗನನ್ನು ಕರೆದುಕೊಂಡು ಬಂದನು. ಅವನು ರೋಣ ಮತ್ತು ನರಗುಂದಗಳ ನಡುವಿನ ಒಂದು ಹಳ್ಳಿಯ ಒಕ್ಕಲಿಗನು, ವಯಸ್ಸು ಎಪ್ಪತ್ತೇಳು. ಮೊಮ್ಮಗನು ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ಚಣ್ಣ ಬಿಟ್ಟ ಮೇಲೆ ಪ್ಯಾಂಟನ್ನು ತೊಟ್ಟವನು. ಧೋತರವನ್ನು ಮೈಗೆ ಹಚ್ಚಿಕೊಂಡವನಲ್ಲ. ಮದುವೆಯ ಅಕ್ಷತೆಯ ಹೊತ್ತಿಗಾದರೂ ಅವನು ಧೋತರ ಉಡಬೇಕೆಂಬುದು ಅಜ್ಜನ ಆಶೆಯು.

ಅಂಗಡಿಕಾರನು ಗಾದಿಯ ಮೇಲಿಂದಲೇ ಕೇಳಿದನು: "ಎಷ್ಟು ಮೊಳದ್ದು ಕೊಡ್ಲಿ ಯಜಮಾನ್ರ, ಎಂಟೋ, ಒಂಬತ್ತೋ, ಹತ್ತೋ?"

"ಮೊಳ ಆಮ್ಯಾಲೆ ನೋಡೂಣು. ಮೊದಲ ಅಗಲಾ ತೋರಸ್ರಿ" ಎಂದನು ವೃದ್ಧನು.

ಈ ಉತ್ತರದಲ್ಲಿ ಧೋತರದ ಶಾಸ್ತ್ರವೆಲ್ಲ ಅಡಗಿದೆ. ಹೊಸಬರು ಮೊಳ ಹೆಚ್ಚಾದರೆ ಧೋತರವು ಕಾಲಿನ ಕೆಳಗೆ ಬರುವದೆಂದು ತಿಳಿಯುವರು. ಅದು ತಪ್ಪು. ಒಂದು ಮೊಳಕ್ಕೆ 18 ಅಂಗುಲ. ಎಂಟು ಮೊಳದ ಧೋತರವು 12 ಅಡಿ, ಹತ್ತು ಮೊಳದ್ದು 15 ಅಡಿ. ಆದರೆ ಈ ಉದ್ದವು ಮೈಯ ಸುತ್ತಲೂ ಹೋಗುವದೇ ಹೊರತು ಮೇಲಿನಿಂದ ಕೆಳಕ್ಕೆ ಬರುವದಿಲ್ಲ. ಮೊಳ ಹೆಚ್ಚಾದರೆ ನಿರಿಗೆಗಳು ಹೆಚ್ಚಾಗುವವು, ಕಚ್ಚೆಯು ತುಂಬಿ ಕಾಣುವದು, ಹೊಟ್ಟೆಯುಳ್ಳವನಿಗೆ ಸುತ್ತು ಸಾಕಾಗುವದು. ಅಂಚು ಎಲ್ಲಿಯವರೆಗೆ ಇಳಿಯಬಹುದೆಂಬುದು ಅರಿವೆಯ ಅಗಲದ ಮೇಲೆ ನಿಂತಿದೆ. ಟೊಂಕದಿಂದ ಕಾಲಹರಡಿಗೆ ಸಾಧಾರಣ ಎತ್ತರದ ಗಂಡಸಿಗೆ 38-40 ಅಂಗುಲಗಳಾಗುವವು. ಅಗಲವು 44 ಅಂಗುಲವಿದ್ದರೆ ನಾಲ್ಕೈದು ಅಂಗುಲ ಟೊಂಕದಲ್ಲಿ ಮಡಿಸಲು ಸಿಕ್ಕಿತು. 50 ಇದ್ದರೆ ಹತ್ತು ಅಂಗುಲ ಸಿಕ್ಕಿತು. ಟೊಂಕದ ಈ ಮಡಿಕೆಯೇ ಧೋತರದ ಬಂಡವಾಳವು. ಇಳಿಸಬೇಕಾದಾಗ ಅದರಿಂದ ತೆಗೆಯುವದು, ಏರಿಸಬೇಕಾದಾಗ ಅದಕ್ಕೆ ತುಂಬುವದು. ನೀಳಕಾಯದವನು ಹತ್ತು ಮೊಳದ, ಆದರೆ ಅಗಲ ಕಡಿಮೆಯಾದ ಧೋತರವನ್ನು ಕೊಂಡರೆ ಅವನಿಗೆ ನಿರಿಗೆಯ ವೈಭವವಿದ್ದೀತು. ಅಂಚು ಮಾತ್ರ ಎಷ್ಟು ಎಳೆದರೂ ಮೀನಖಂಡವನ್ನು ದಾಟಲಿಕ್ಕಿಲ್ಲ. ಹೊಸ ಅರಿವೆಯು ಎರಡು ಸಾರೆ ನೀರು ಕಂಡ ಮೇಲೆ ಅಷ್ಟಿಷ್ಟು ಸೇದುವದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಈ ಅಗಲವೆಂಬುದು ಎಲ್ಲ ಕಾಲದಲ್ಲಿಯೂ ಸುಲಭವಾಗಿ ಸಿಕ್ಕ ವಸ್ತುವಲ್ಲ. ಲಾಳಿಯನ್ನು ಒಂದು ಕೈಯಿಂದ ಎಸೆದು ಇನ್ನೊಂದು ಕೈಯಿಂದ ಹಿಡಿಯುವ ಮಗ್ಗದಲ್ಲಿ ಅರಿವೆಯ ಅಗಲಕ್ಕೆ ನೇಕಾರನ ತೋಳುಗಳೇ ಮೇರೆಯಾಗಿದ್ದವು. 1733ರಲ್ಲಿ ಇಂಗ್ಲಂಡದ ಜಾನ್ ಕೇ ಎಂಬವನು ಹಗ್ಗವನ್ನು ಜಗ್ಗಿದರೆ ತಾನೇ ಓಡುವ ಲಾಳಿಯನ್ನು ರಚಿಸಿದ ತರುವಾಯ, ತೋಳಿಗೆ ನಿಲುಕದ ಅಗಲವನ್ನೂ ಒಬ್ಬನೇ ನೇಯುವದು ಶಕ್ಯವಾಯಿತು. ಮುಂದೆ ಗಿರಣಿಗಳು ಬಂದವು. ಗಿರಣಿಯ ಧೋತರವು ಅಗ್ಗವಾದಂತೆ ಕೈಮಗ್ಗದ ಧೋತರಕ್ಕೆ ಗಿರಾಕಿಯು ಕಡಿಮೆಯಾದನು. ಸ್ವತಂತ್ರ ಭಾರತದ ಸರಕಾರವು 1953ರಲ್ಲಿ ಧೋತರಗಳಿಗೆಂದೇ ಒಂದು ಕಾಯಿದೆಯನ್ನು ಮಾಡಿ, ಗೊತ್ತುಪಡಿಸಿದ ಪ್ರಮಾಣಕ್ಕಿಂತ ಹೆಚ್ಚು ಧೋತರ ನೇಯುವ ಗಿರಣಿಗಳ ಮೇಲೆ ಹೆಚ್ಚಿನ ಅಬಕಾರಿ ಸುಂಕವನ್ನು ಹೇರಿತು. 1985ರಲ್ಲಿ ಕೆಲವು ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆಯಾಯಿತು. ಆ ಮೀಸಲಿನಲ್ಲಿ ಧೋತರವೂ ಸೇರಿದೆ. ಮಗ್ಗಕ್ಕೆ ಕಾಯಿದೆಯ ಆಸರೆಯು ಸಿಕ್ಕಿತು. ಆದರೆ ಉಡುವವರನ್ನು ಯಾವ ಕಾಯಿದೆಯು ತಂದುಕೊಟ್ಟೀತು?

ಇರಲಿ. ಅಂಗಡಿಯಲ್ಲಿ ಮೊಮ್ಮಗನು ಇನ್ನೊಂದು ಮೂಲೆಯ ಕಡೆಗೆ ಕೈ ತೋರಿಸಿದನು. ಅಲ್ಲಿ ಹೊಲಿದು ಸಿದ್ಧಮಾಡಿದ ಧೋತರಗಳು ತೂಗುತ್ತಿದ್ದವು: ನಿರಿಗೆಗಳು ಮೊದಲೇ ಹೊಲಿಗೆಯಲ್ಲಿ ಕುಳಿತಿರುವವು, ಟೊಂಕದಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ಪಟ್ಟಿಯಿರುವದು.

"ಅಜ್ಜಾ, ಹೊಲಿದದ್ದು ತಗೊಂಡ್ರ ಆಗೂದಿಲ್ಲೇನು? ಪ್ಯಾಂಟಿನ ಹಾಂಗ ಹಾಕ್ಕೊಂಡು ಪಟ್ಟಿ ಅಂಟಿಸಿದ್ರ ಮುಗೀತು."

"ಅದು ಉದ್ದ ಆದ್ರ ಸಿಂಪಿಗ್ಯಾನ ಕಡೆ ಹೋಗಬೇಕೋ ತಮ್ಮಾ. ಇದು ಉದ್ದ ಆದ್ರ ಕೈ ಐತಲ್ಲ."

ಮೊಮ್ಮಗನು ನಕ್ಕು ಸುಮ್ಮನಾದನು. ಹತ್ತು ಮೊಳದ, 50 ಅಂಗುಲ ಅಗಲದ, ಸಣ್ಣ ಹಸಿರು ಅಂಚಿನ ಜೋಡಿಯೊಂದು ಕಟ್ಟಿಸಲ್ಪಟ್ಟಿತು.

ಕೈ ಇದೆಯೆಂದು ವೃದ್ಧನು ಆಡಿದ ಮಾತು ಅವನ ಜೀವಮಾನದ ಅನುಭವವು. ಆ ಸೀಮೆಯದು ಎರೆಭೂಮಿ. ಹಸ್ತ ಚಿತ್ತೆಯ ಮಳೆ ಬಿದ್ದು ಹಿಂಗಾರಿ ಜೋಳದ ಬಿತ್ತಿಗೆಯು ಒದಗಿತೆಂದರೆ, ಹಸಿಯಾದ ಎರೆಮಣ್ಣು ಅಂಗಾಲಿಗೆ ಮೆತ್ತಿ, ಹೆಜ್ಜೆಹೆಜ್ಜೆಗೆ ಕಾಲನ್ನು ಭಾರಮಾಡುವದು. ಅಂಥ ಹೊಲದಲ್ಲಿ ಅಂಚು ಮೀನಖಂಡದ ಮೇಲಿದ್ದರೂ ಸಂಜೆಗೆ ಅದು ಗೇಣುದ್ದದ ಕೆಸರಿನ ಪಟ್ಟಿಯಾದೀತು. ಆದದ್ದರಿಂದ ಕೂರಿಗೆ ಹಿಡಿಯುವವನು ಧೋತರವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಕಚ್ಚೆಯನ್ನು ಬಿಗಿದು, ಉಳಿದ ಚುಂಗನ್ನು ಟೊಂಕಕ್ಕೆ ಸಿಗಿಸುವನು. ಟೊಂಕ ಕಟ್ಟುವದೆಂದರೆ ಕೆಲಸಕ್ಕೆ ಸಿದ್ಧನಾಗುವದೆಂದು ಭಾಷೆಯಲ್ಲಿ ಬಳಕೆ ಬಂದದ್ದು ಇಂಥ ಹೊಲಗಳಿಂದಲೇ ಇರಬೇಕು. ನವಿಲುತೀರ್ಥದ ಆಣೆಕಟ್ಟಿನಿಂದ ಮಲಪ್ರಭೆಯ ಕಾಲುವೆಯು ನರಗುಂದ ರೋಣಗಳ ಹೊಲಗಳಿಗೆ ಬಂದ ಮೇಲಂತೂ, ರಾತ್ರಿಯಲ್ಲಿ ನೀರು ಹಾಯಿಸುವವನ ಅಂಚು ತೊಡೆಯವರೆಗೆ ಏರಿತು. ಮರುದಿನ ಅದೇ ಮನುಷ್ಯನು ಪಹಣಿಪತ್ರಕ್ಕಾಗಿ ನರಗುಂದದ ಕಚೇರಿಗೆ ಹೋಗುವಾಗ ತೊಳೆದ ಧೋತರವನ್ನು ಕಾಲಹರಡಿನವರೆಗೆ ಇಳಿಬಿಡುವನು. ಸಾಯಕಲ್ಲು ಏರಿದರೆ ಸರಪಳಿಗೆ ಸಿಕ್ಕೀತೆಂದು ಬಲಗಾಲಿನ ಕಡೆಯಲ್ಲಿ ಮಾತ್ರ ಒಂದು ಗೇಣು ಎತ್ತುವನು. ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲುಗಳನ್ನು ಹತ್ತುವಾಗ ಮುಂದಿನ ನಿರಿಗೆಗಳನ್ನು ಎಡಗೈಯಲ್ಲಿ ಹಿಡಿದು, ಮೇಲೆ ಮುಟ್ಟಿದೊಡನೆ ಬಿಟ್ಟುಬಿಡುವನು. ಈ ಎಲ್ಲ ಅಳತೆಗಳನ್ನು ಯಾರೂ ಅವನಿಗೆ ಬರೆದು ಕಲಿಸಿಲ್ಲ. ಕೆಲಸವು ಕೇಳಿದಂತೆ ಕೈಯು ಕೊಡುತ್ತ ಬಂದಿದೆ.

ಇಲ್ಲಿಯವರೆಗೆ ಅಂಚಿಗೆ ಒಡೆಯರು ಇಬ್ಬರೇ: ಕೆಲಸ ಮತ್ತು ಕೈ. ಮೂರನೆಯ ಒಡೆಯನು ಬಂದೊಡನೆ ತೊಡಕು ಹುಟ್ಟುವದು. ಆ ಮೂರನೆಯವನೇ ಅನ್ಯರ ಕಣ್ಣು.

ಈ ಕಣ್ಣು ಎಲ್ಲ ದೇಶಗಳಲ್ಲಿಯೂ ಇದೆ. ಕ್ರಿಸ್ತಶಕದ ಮೊದಲನೆಯ ಶತಕದಲ್ಲಿ ರೋಮ ನಗರದ ವಾಗ್ಮಿತೆಯ ಗುರುವಾದ ಕ್ವಿಂಟಿಲಿಯನನು ಸಭೆಯಲ್ಲಿ ಮಾತಾಡುವವನ ಅಂಗಿಯ ಅಂಚು ಮುಂದೆ ಮೊಣಕಾಲಿನ ತುಸು ಕೆಳಗೆ ನಿಲ್ಲಬೇಕೆಂದೂ, ಅದಕ್ಕಿಂತ ಇಳಿದರೆ ಹೆಂಗಸರದಾಗುವದೆಂದೂ, ಏರಿದರೆ ದಂಡಿನ ದಳಪತಿಗಳದಾಗುವದೆಂದೂ ವಿಧಿಸಿದ್ದಾನೆ. ಬೌದ್ಧ ಭಿಕ್ಷುಗಳಿಗೆ ವಿನಯದಲ್ಲಿ ಹೇಳಿದ ಶಿಕ್ಷಣಗಳಲ್ಲಿ ಮೊಟ್ಟಮೊದಲನೆಯದೇ ಕೆಳಗಿನ ವಸ್ತ್ರವು ಸುತ್ತಲೂ ಸಮನಾಗಿರಬೇಕೆಂಬುದು; ಹೊಕ್ಕುಳೂ ಮೊಣಕಾಲೂ ಮುಚ್ಚಿರಬೇಕೆಂದು ಅದರ ಅರ್ಥವು. ಸ್ಕಾಟ್ಲಂಡದ ಗುಡ್ಡಗಾಡಿನ ಗಂಡಸರು ಮೊಣಕಾಲಿಗೆ ನಿಲ್ಲುವ ನಿರಿಗೆಯ ಉಡುಪನ್ನು ಉಡುವವರು. ಅವರು ಬಂಡೆದ್ದು ಸೋತ ತರುವಾಯ ಬ್ರಿಟಿಶ ಪಾರ್ಲಿಮೆಂಟು 1746ರಲ್ಲಿ ಆ ಉಡುಪನ್ನೇ ಕಾಯಿದೆಯಿಂದ ನಿಷೇಧಿಸಿತು. 1782ರವರೆಗೆ ಆ ನಿಷೇಧವು ತೆಗೆಯಲ್ಪಡಲಿಲ್ಲ. ಭಿಕ್ಷುವು ತಾನಾಗಿ ಸ್ವೀಕರಿಸಿದ್ದು ವ್ರತವು. ಗುಡ್ಡಗಾಡಿನವನ ಮೇಲೆ ಹೇರಿದ್ದು ಶಿಕ್ಷೆಯು. ಎರಡೂ ಅಂಚಿನ ಮಾತುಗಳೇ ಆದರೂ ಒಂದೇ ಅಲ್ಲ.

ಈ ದೇಶದಲ್ಲಿ ಹಿರಿಯರ ಮುಂದೆ ಎತ್ತಿ ಕಟ್ಟಿದ ಧೋತರವನ್ನು ಇಳಿಬಿಡುವದು ಮರ್ಯಾದೆಯ ಕುರುಹು. ಕೇರಳದಲ್ಲಿ ಅರ್ಧಕ್ಕೆ ಮಡಿಚಿ ಕಟ್ಟಿದ ಮುಂಡನ್ನು ಹಿರಿಯರು ಎದುರಾದೊಡನೆ ಬಿಚ್ಚಿ ಇಳಿಸುವ ಪದ್ಧತಿಯು ಪ್ರಸಿದ್ಧವಾಗಿದೆ. ಆದರೆ ಯಾವ ಇಳಿಸುವಿಕೆಯು ಒಬ್ಬನಲ್ಲಿ ವಿನಯವೆನಿಸಿತೋ ಅದೇ ಇನ್ನೊಬ್ಬನಲ್ಲಿ ಉದ್ಧಟತನವೆನಿಸಿದ್ದೂ ಈ ದೇಶದಲ್ಲಿಯೇ. 1930ರ ಡಿಸೆಂಬರದಲ್ಲಿ ಮದ್ರಾಸ ಪ್ರಾಂತದ ರಾಮನಾಡ ಜಿಲ್ಲೆಯಲ್ಲಿ ಪ್ರಬಲರಾದವರು ಆದಿದ್ರಾವಿಡರ ಮೇಲೆ ಎಂಟು ನಿಷೇಧಗಳನ್ನು ಹೊರಿಸಿದರು. ಗಂಡಸರು ಮೊಣಕಾಲಿನ ಕೆಳಗೆ ಬರುವಂತೆ ಅರಿವೆಯನ್ನು ಉಡಕೂಡದೆಂಬುದು ಅವುಗಳಲ್ಲಿ ಒಂದು. 1931ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹಟ್ಟನ್ನರು ಅದನ್ನು ತಮ್ಮ ಗ್ರಂಥದಲ್ಲಿ ದಾಖಲೆ ಮಾಡಿದ್ದಾರೆ. ಪಾಣಿನಿಯು ಸಾಧಿಸಿಕೊಟ್ಟ ಆಪ್ರಪದೀನವೆಂಬ ಶಬ್ದವು ಎಲ್ಲರ ಕಾಲಿಗೂ ದಕ್ಕತಕ್ಕದ್ದಲ್ಲವೆಂದು ಅವರ ಅಭಿಪ್ರಾಯವಾಗಿತ್ತು.

ಬರೆದಿಟ್ಟ ನಿಷೇಧಗಳು ದಾಖಲೆಗೆ ಬಂದವು. ಬರೆಯದೆ, ಬರಿಯ ನಗೆಯಿಂದ ನಡೆಯಿಸಿದ ನಿಷೇಧಗಳು ಮನೆಗಳ ನೆನಪಿನಲ್ಲಿ ಮಾತ್ರ ಉಳಿದವು. ಅಂಗಡಿಗೆ ಬಂದ ಆ ವೃದ್ಧನ ಮನೆಯಲ್ಲಿಯೂ ಅಂಥದೊಂದು ನೆನಪಿದೆ. ಅವನ ತಂದೆಯು ಪರರ ಹೊಲದಲ್ಲಿ ಸಂಬಳದ ಆಳಾಗಿದ್ದವನು. ಐದು ಮೊಳದ ಒರಟು ಅರಿವೆಯನ್ನು ತೊಡೆಯ ಮೇಲೆ ಸುತ್ತಿಕೊಂಡೇ ಬೆಳೆದವನು. ಅವನ ಮದುವೆಯು 1944ರಲ್ಲಾಯಿತು. ಅದು ಎರಡನೆಯ ಮಹಾಯುದ್ಧದ ಕಾಲ. ಹಿಂದಿನ ವರ್ಷವೇ ಸರಕಾರವು ಹತ್ತಿಯ ಅರಿವೆಯ ಮೇಲೂ ನೂಲಿನ ಮೇಲೂ ನಿಯಂತ್ರಣವನ್ನು ಹಾಕಿತ್ತು. ಒಂದು ಗಜ ಅರಿವೆಗೆ ಜನರು ಹಂಬಲಿಸುತ್ತಿದ್ದರು. ಅಂಥ ದಿನಗಳಲ್ಲಿ ಮಾವನು ಹೇಗೋ ಒದಗಿಸಿ ಅಳಿಯನಿಗೆ ಒಂಬತ್ತು ಮೊಳದ ಮಗ್ಗದ ಧೋತರವೊಂದನ್ನು ಉಡುಗೊರೆಯಾಗಿ ಕೊಟ್ಟನು.

ಮದುವೆಯಾದ ಮೂರನೆಯ ದಿನ ಆ ತರುಣನು ಅದನ್ನು ಪಾದದವರೆಗೆ ಇಳಿಬಿಟ್ಟು ಉಟ್ಟುಕೊಂಡು ಹನುಮಂತದೇವರ ಗುಡಿಗೆ ಹೊರಟನು. ದಾರಿಯಲ್ಲಿ ದೊಡ್ಡ ಮನೆಯೊಂದರ ಕಟ್ಟೆಯ ಮೇಲೆ ನಾಲ್ವರು ಕುಳಿತಿದ್ದರು. ಅವರಲ್ಲೊಬ್ಬನು, "ಏನಲೇ, ಓಣಿ ಕಸಾ ಹೊಡೀಲಿಕ್ಕೆ ಇಳಿಬಿಟ್ಟೀಯೇನು?" ಎಂದನು. ಉಳಿದವರು ನಕ್ಕರು. ಬೈಗುಳಿಲ್ಲ, ಪೆಟ್ಟಿಲ್ಲ, ಇಷ್ಟೇ ಆದದ್ದು. ತರುಣನು ನಿಂತಲ್ಲಿಯೇ ಬಾಗಿ, ಎರಡೂ ಕೈಗಳಿಂದ ಅಂಚನ್ನು ಎತ್ತಿ ಮೊಣಕಾಲಿನ ಮೇಲೆ ಕಟ್ಟಿಕೊಂಡನು. ಅದರ ಮುಂದೆ ಅವನು ನಲವತ್ತು ವರ್ಷಗಳ ಕಾಲ ಬದುಕಿದನು. ಸ್ವಂತದ ಎರಡು ಎಕರೆಯ ಒಡೆಯನಾದನು. ಕಟ್ಟೆಯ ಮೇಲಿನ ನಾಲ್ವರೂ ಒಬ್ಬೊಬ್ಬರಾಗಿ ತೀರಿಹೋದರು. ಆದರೂ ಅವನು ಅಂಚನ್ನು ಮತ್ತೆ ಇಳಿಸಲಿಲ್ಲ. ಯಾರಾದರೂ ಕೇಳಿದರೆ ರೂಢಿಯಾಗಿದೆ ಎನ್ನುತ್ತಿದ್ದನು. ಮದುವೆಯ ಧೋತರವು ಟ್ರಂಕಿನ ತಳದಲ್ಲಿ ಉಳಿಯಿತು. ಅವನ ಕೊನೆಯ ದಿನ ಮನೆಯವರು ಅದನ್ನೇ ತೆಗೆದು ಹೊದಿಸಿದರು. ತಂದೆಯ ಪಾದಗಳು ಧೋತರದಲ್ಲಿ ಮುಚ್ಚಿದ್ದನ್ನು ಮಗನು ನೋಡಿದ್ದು ಅದೇ ಮೊದಲು.

ಅಂಚನ್ನು ಕುರಿತ ಈ ದುಃಖವು ಒಬ್ಬನದಲ್ಲ. ಇದನ್ನು ಬಲ್ಲ ಇಬ್ಬರು ಮಹನೀಯರು ಸುಮಾರು ಒಂದೇ ಕಾಲದಲ್ಲಿ ಎರಡು ವಿರುದ್ಧ ದಿಕ್ಕುಗಳಿಂದ ಇದಕ್ಕೆ ಉತ್ತರ ಕೊಟ್ಟರು. 1921ರ ಸೆಪ್ಟೆಂಬರ 22ರಂದು ಮಧುರೆಯಲ್ಲಿ ಮಹಾತ್ಮಾ ಗಾಂಧಿಯವರು ತಮ್ಮ ಉಡುಪನ್ನು ಮೊಣಕಾಲಿನ ಮೇಲಿನ ಒಂದು ತುಂಡಿಗೆ ಇಳಿಸಿಕೊಂಡರು. ಬಡವರಿಗೆ ಅಷ್ಟಕ್ಕಿಂತ ಹೆಚ್ಚು ಖಾದಿಯು ದೊರೆಯದೆಂಬುದು ಅವರ ಕಾರಣವು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿ ಅವರು ಕುಳಿತದ್ದೂ, 1931ರಲ್ಲಿ ಲಂಡನದ ಅರಮನೆಯಲ್ಲಿ ಐದನೆಯ ಜಾರ್ಜ ದೊರೆಯನ್ನು ಕಂಡದ್ದೂ ಅದೇ ಉಡುಪಿನಲ್ಲಿ. ಇತ್ತ 1927ರ ಡಿಸೆಂಬರದಲ್ಲಿ ಮಹಾಡದಲ್ಲಿ ಡಾಕ್ಟರ ಅಂಬೇಡಕರರು ನೆರೆದಿದ್ದ ಸ್ತ್ರೀಯರಿಗೆ, ಎತ್ತಿ ಉಡುವ ಪದ್ಧತಿಯನ್ನು ಬಿಟ್ಟು ಮೇಲಿನ ಜಾತಿಯ ಸ್ತ್ರೀಯರಂತೆಯೇ ಸೀರೆ ಉಡಿರೆಂದು ಬೋಧಿಸಿದರು; ಅಲ್ಲಿಯ ಸ್ತ್ರೀಯರು ಹಾಗೆಯೇ ಅಂಚನ್ನು ಇಳಿಸಿದರು. ಒಬ್ಬರು ಏರಿಸಿದರು, ಇನ್ನೊಬ್ಬರು ಇಳಿಸಹೇಳಿದರು. ಮೇಲುನೋಟಕ್ಕೆ ಇದು ವಿರೋಧವೆನಿಸೀತು. ವಿಚಾರಿಸಿದರೆ ಹಾಗಿಲ್ಲ. ಅಂಚನ್ನು ಇಳಿಸುವ ಅಧಿಕಾರವುಳ್ಳವನು ಏರಿಸಿದರೆ ಅದು ತ್ಯಾಗ. ಆ ಅಧಿಕಾರವೇ ಇಲ್ಲದವನ ಏರಿದ ಅಂಚು ತ್ಯಾಗವಲ್ಲ. ಅವನಿಗೆ ಮೊದಲು ಇಳಿಸುವ ಅಧಿಕಾರವು ಬರಬೇಕು. ತರುವಾಯ ಏರಿಸುವದೋ ಬಿಡುವದೋ ಅವನ ಇಷ್ಟವು.

ಆ ಕಣ್ಣು ಈಗ ಮುಚ್ಚಿದೆಯೆಂದು ತಿಳಿಯುವಂತಿಲ್ಲ. ಅದು ಕಟ್ಟೆಯಿಂದ ಎದ್ದು ಬಾಗಿಲಿಗೆ ಬಂದು ನಿಂತಿದೆ. 2014ರಲ್ಲಿ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಧೋತರ ಉಟ್ಟು ಬಂದ ನ್ಯಾಯಮೂರ್ತಿಗಳೊಬ್ಬರಿಗೆ ಪ್ರವೇಶವು ದೊರೆಯಲಿಲ್ಲ. ತಮಿಳುನಾಡಿನ ವಿಧಾನಸಭೆಯು ಅದೇ ವರ್ಷ ಅಂಥ ನಿರ್ಬಂಧಗಳನ್ನು ತೆಗೆಯುವ ಕಾಯಿದೆಯನ್ನು ಮಾಡಬೇಕಾಯಿತು. 2024ರ ಜುಲೈದಲ್ಲಿ ಬೆಂಗಳೂರಿನ ಒಂದು ಮಾಲಿನಲ್ಲಿ, ಗದಗ ಜಿಲ್ಲೆಯ ನೆರೆಯದೇ ಆದ ಹಾವೇರಿಯ ಕಡೆಯ ವೃದ್ಧ ರೈತನೊಬ್ಬನನ್ನು ಧೋತರ ಉಟ್ಟಿದ್ದಾನೆಂದು ಬಾಗಿಲಲ್ಲಿಯೇ ತಡೆದರು. ಮಗನು ತಂದೆಗೆ ಚಲಚ್ಚಿತ್ರವನ್ನು ತೋರಿಸಬೇಕೆಂದು ಕರೆತಂದಿದ್ದನು. ಸುದ್ದಿಯು ಹಬ್ಬಿ, ವಿಧಾನಸಭೆಯಲ್ಲಿ ಚರ್ಚೆಯಾಗಿ, ಆ ಮಾಲನ್ನು ಏಳು ದಿನ ಮುಚ್ಚಿಸುವದಾಗಿ ಸರಕಾರವು ಸಾರಿತು. ಆ ಮುದುಕನ ಅಂಚು ಪಾದದವರೆಗೆ ಇಳಿದಿತ್ತೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಲಿಲ್ಲ. ಹಳೆಯ ಕಣ್ಣಿಗೆ ಅಂಚು ಇಳಿದದ್ದು ತಪ್ಪಾಗಿತ್ತು. ಹೊಸ ಕಣ್ಣಿಗೆ ಧೋತರವೇ ತಪ್ಪಾಯಿತು.

ಮದುವೆಯ ಮುಂಜಾನೆ ಹಂದರದ ಪಕ್ಕದ ಕೋಣೆಯಲ್ಲಿ ವೃದ್ಧನು ಮೊಮ್ಮಗನಿಗೆ ಉಡುವ ಕ್ರಮವನ್ನು ಕಲಿಸಿದನು. ಅರಿವೆಯ ನಡುಮಧ್ಯವನ್ನು ಬೆನ್ನಿಗೆ ಹಿಡಿಯಬೇಕು. ಎರಡೂ ಕಡೆಯ ಅರಿವೆಯನ್ನು ಮುಂದೆ ತಂದು ಹೊಕ್ಕುಳ ಹತ್ತಿರ ಗಂಟು ಬಿಗಿಯಬೇಕು. ಒಂದು ಸೆರಗನ್ನು ನಿರಿಗೆ ಮಾಡಿ ಕಾಲುಗಳ ನಡುವಿನಿಂದ ಹಿಂದೆ ಒಯ್ದು ಕಚ್ಚೆ ಸಿಗಿಸಬೇಕು. ಇನ್ನೊಂದನ್ನು ಮುಂದೆಯೇ ನಿರಿಗೆ ಮಾಡಿ ಟೊಂಕಕ್ಕೆ ಸೇರಿಸಬೇಕು. ಎರಡು ಸಾರೆ ಸಡಿಲಾಗಿ ಜಾರಿತು. ಮೂರನೆಯ ಸಾರೆ ನಿಂತಿತು. ಮೊಮ್ಮಗನು ನಾಲ್ಕು ಹೆಜ್ಜೆ ನಡೆದು ನೋಡಿದನು. ಅಂಚು ಅಂಗುಷ್ಠಕ್ಕೆ ತೊಡರಿ ಮುಗ್ಗರಿಸುವಂತಾಯಿತು. ಅವನು ಕೂಡಲೆ ಟೊಂಕದಲ್ಲಿ ಒಂದು ಮಡಿಕೆಯನ್ನು ಹೆಚ್ಚು ತೆಗೆದುಕೊಂಡು, ಅಂಚನ್ನು ಮೀನಖಂಡದ ನಡುವಿಗೆ ಏರಿಸಿ ನಿಂತನು.

"ಹಿಂಗ ಛಲೋ ಆತು ನೋಡಜ್ಜಾ. ನಡೀಲಿಕ್ಕೆ ಬರ್ತೈತಿ."

ವೃದ್ಧನ ಬಾಯಿಯವರೆಗೆ "ಇಳಸೋ" ಎಂಬ ಮಾತು ಬಂದಿತು. ಎಂಬತ್ತು ವರ್ಷಗಳ ಹಿಂದೆ ಓಣಿಯಲ್ಲಿ ಏರಿದ ಅಂಚು ಈ ದಿನ ಹಂದರದಲ್ಲಿ, ನಾಲ್ಕು ಜನರ ಎದುರಿಗೆ, ಇಳಿದೀತೆಂದು ಅವನು ಎಣಿಸಿದ್ದನು. ಅಗಲವಾದ ಅರಿವೆಯನ್ನು ಹುಡುಕಿ ತಂದದ್ದೂ ಆ ಸಲುವಾಗಿಯೇ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಬೀಗರ ಕಡೆಯ ಹಿರಿಯರೊಬ್ಬರು ನಗುತ್ತ, "ಏನ್ ತಮ್ಮಾ, ಮದುವಿಗೆ ಹೊಂಟೀಯೋ, ಹೊಲಕ್ಕೆ ಹೊಂಟೀಯೋ? ಇಳಿಬಿಡು, ಇಳಿಬಿಡು" ಎಂದರು. ಮಾತಿನಲ್ಲಿ ಕುಹಕವಿರಲಿಲ್ಲ, ಸಲಿಗೆಯಿತ್ತು. ಆದರೂ ಮೊಮ್ಮಗನ ಕೈ ತಟ್ಟನೆ ಟೊಂಕಕ್ಕೆ ಹೋಯಿತು, ಮೋರೆ ಕೆಂಪಾಯಿತು.

ಆ ಕೈಯನ್ನು ನೋಡಿದೊಡನೆ ವೃದ್ಧನಿಗೆ ತಾನು ಆಡಲಿದ್ದ ಮಾತು ಯಾರ ಮಾತೆಂಬುದು ಹೊಳೆಯಿತು. ಕಟ್ಟೆಯವನು ಏರಿಸು ಎಂದಿದ್ದನು. ತಾನು ಇಳಿಸು ಎನ್ನಲಿದ್ದನು. ಎರಡೂ ಕಾಲಿಗೆ ಹೊರಗಿನಿಂದ ಬಂದ ಅಪ್ಪಣೆಗಳೇ. ಅವನು ಮೊಮ್ಮಗನ ಕೈಯನ್ನು ಮೆಲ್ಲನೆ ಹಿಡಿದು ಸರಿಸಿ, ಬೀಗರ ಕಡೆಗೆ ತಿರುಗಿ, "ಇರಲಿ ಬಿಡ್ರಿ. ಅವನ ಧೋತರ, ಅವನ ಕಾಲು. ಹ್ಯಾಂಗ ಬೇಕು ಹಾಂಗ ಉಟ್ಕೊಳ್ಲಿ" ಎಂದನು. ಬೀಗರು ನಕ್ಕು ಒಪ್ಪಿಕೊಂಡರು. ಮೀನಖಂಡಕ್ಕೆ ನಿಂತ ಅಂಚಿನಲ್ಲಿಯೇ ಅಕ್ಷತೆಯು ಬಿದ್ದಿತು.

ತಂದೆಯ ಕಥೆಯನ್ನು ವೃದ್ಧನು ಆ ದಿನ ಹೇಳಲಿಲ್ಲ. ಮುಂದೆ ಎಂದಾದರೂ ಹೇಳಿಯಾನು. ಅದನ್ನು ಕೇಳಿದ 2ಷ್ಟರಿಂದಲೇ ಮೊಮ್ಮಗನು ಅಂಚನ್ನು ಇಳಿಸಬೇಕೆಂದಿಲ್ಲ. ಇಳಿಸಿದರೆ ಬೇಡವೆನ್ನುವವರೂ ಇಲ್ಲ. ಅರಿವೆಯಂತೂ ಅಗಲವಾಗಿದೆ. ಒಂದು ಗೇಣು ಹೆಚ್ಚಿನ ಮಡಿಕೆಯು ಅವನ ಟೊಂಕದಲ್ಲಿಯೇ ಇದೆ; ಬೇಕಾದ ದಿನ ಬಿಚ್ಚಿಕೊಳ್ಳಲು ಯಾರ ಅಪ್ಪಣೆಯೂ ಅವನಿಗೆ ಬೇಕಾಗಿಲ್ಲ.